ಬಾಗಿಲ ಪಕ್ಕದ ಕೀಪ್ಯಾಡ್ ಅವರಿಗೆ, ಹಳದಿ-ಹಸಿರು ವೈರಿನ ವಿಚಾರವಾಗಿ

ಮಾನ್ಯ ಕೀಪ್ಯಾಡ್ ಅವರೇ,

ನಮ್ಮ ಮನೆಯ ಮುಂಬಾಗಿಲಿನ ಬಲಗಡೆ ಗೋಡೆಯ ಮೇಲೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಸ್ವಲ್ಪವೇ ಎಡಕ್ಕೆ ವಾಲಿಕೊಂಡು ವಿರಾಜಮಾನರಾಗಿರುವ ತಮಗೆ, ತಮ್ಮ ಹನ್ನೆರಡು ಗುಂಡಿಗಳಿಗೆ ಒಂದೊಂದಕ್ಕೂ ಬೇರೆಬೇರೆಯಾಗಿ, ಅದೇ ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ನಾನು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಪುಟ್ಟ ದೀಪವೇ ಹೇಳುತ್ತಿದೆ. ಮೊನ್ನೆ ಭಾನುವಾರ ಮಧ್ಯಾಹ್ನದಿಂದ ಈಚೆಗೆ ನಾವೂ ಕ್ಷೇಮ. ಅದಕ್ಕೆ ಮುಂಚಿನ ಒಂಬತ್ತು ದಿನಗಳ ವಿಚಾರವನ್ನು ತಮ್ಮ ಗಮನಕ್ಕೆ ತರಲು ಈ ಪತ್ರ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಆ ಒಂಬತ್ತು ದಿನ ತಾವು ಆಡಿದ್ದೆಲ್ಲ ಇಡೀ ಬೀದಿಗೆ ಕೇಳಿಸಿದೆ, ನನ್ನ ಮಾತೂ ಅಷ್ಟು ದೂರವಾದರೂ ಹೋಗಲಿ ಎಂಬ ಆಸೆ.

ತಾವು ನಮ್ಮ ಮನೆಗೆ ಏಕೆ ಬಂದಿರೆಂಬುದನ್ನು ತಮಗೆ ಯಾರೂ ಹೇಳಿರಲಾರರು. ಹೋದ ತಿಂಗಳು ಒಂದು ಮಧ್ಯಾಹ್ನ, ನಾನು ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋಗಿದ್ದಾಗ, ಯಾರೋ ಒಬ್ಬ ಮುಂಬಾಗಿಲಿನಿಂದ ಒಳಗೆ ಬಂದು ನನ್ನ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದ. ಕೋಣೆ ಖಾಲಿಯೇನೂ ಇರಲಿಲ್ಲ. ನಮ್ಮ ಅತ್ತೆಯವರು ಕಿಟಕಿಯ ಹತ್ತಿರದ ಕುರ್ಚಿಯಲ್ಲೇ ಕೂತಿದ್ದರು. ಬಂದವನು ಅವರನ್ನು ನೋಡಿ, ಇದನ್ನು ತೆಗೆದುಕೊಂಡು ಹೋಗಲೇ ಎಂದು ಬಹಳ ಮರ್ಯಾದೆಯಿಂದ ಕೇಳಿದನಂತೆ. ರಿಪೇರಿಯವನಿರಬೇಕು ಎಂದುಕೊಂಡ ಅತ್ತೆಯವರು, “ಹುಷಾರಪ್ಪ, ಬಿಸಿ ಇದೆ,” ಎಂದು ಹೇಳಿ ಕಳಿಸಿಕೊಟ್ಟರು. ನಾವು ನಕ್ಕು ಬಿಟ್ಟುಬಿಟ್ಟೆವು. ಅವರು ಬಿಡಲಿಲ್ಲ. ಅಂದಿನಿಂದ ಮುಂದಿನ ಕೋಣೆಗೆ ಬರುವುದನ್ನೇ ನಿಲ್ಲಿಸಿದರು, ಕುರ್ಚಿಯನ್ನು ಒಳಕೋಣೆಗೆ ಹಾಕಿಸಿಕೊಂಡರು, ಹಗಲಲ್ಲೂ ಮೂರು ಮೂರು ಸಲ ಚಿಲಕ ಹಾಕಿದೆಯೇ ಎಂದು ಕೇಳತೊಡಗಿದರು. ಇಪ್ಪತ್ತಾರು ವರ್ಷ ನನ್ನ ಯಂತ್ರದ ಸದ್ದಿನ ಮೇಲೆ ಮಾತಾಡಿದ ಹೆಂಗಸು ಒಮ್ಮೆಲೇ ಸುಮ್ಮನಾದರೆ ಮನೆ ಹೇಗಿರುತ್ತದೆಂಬುದು ತಮ್ಮಂಥ ಹೊಸಬರಿಗೆ ತಿಳಿಯುವುದು ಕಷ್ಟ.

ಆದ್ದರಿಂದ ನಮ್ಮ ಯಜಮಾನರು ತಮ್ಮನ್ನೂ, ತಮ್ಮ ಹಿರಿಯಣ್ಣನಂತಿರುವ, ಕಳ್ಳರ ಅಲಾರಮ್ಮಿನ ಕಬ್ಬಿಣದ ಪೆಟ್ಟಿಗೆಯನ್ನೂ, ತಮ್ಮ ಗಂಟಲಾದ ಸೈರನ್ನನ್ನೂ ಒಂದೇ ರಟ್ಟಿನ ಡಬ್ಬಿಯಲ್ಲಿ ಮನೆಗೆ ತಂದರು. ಯಜಮಾನರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತದೆ, ಕೋಪ ಬಂದಾಗ ನಾನೂ. ಅಂಗಡಿಯವರು ಕೂಡಿಸಿಕೊಡಲು ವೈರಿನ ಕೆಲಸದವರನ್ನು ಕಳಿಸುತ್ತೇವೆಂದರೆ ಇವರು ಬೇಡವೆಂದರಂತೆ. ಪೆಟ್ಟಿಗೆಯಿಂದ ತಮ್ಮವರೆಗೆ ಬರುವುದು ನಾಲ್ಕೇ ವೈರು: ಕೆಂಪು ಮತ್ತು ಕಪ್ಪು ಕರೆಂಟಿಗೆ, ಹಳದಿ ಮತ್ತು ಹಸಿರು ತಾವಿಬ್ಬರೂ ಮಾತಾಡಿಕೊಳ್ಳುವುದಕ್ಕೆ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಸ್ಕ್ರೂ. ಇದಕ್ಕೆ ಇನ್ನೊಬ್ಬರೇಕೆ ಎಂಬುದು ಅವರ ವಾದ, ಮತ್ತು ವಾದ ಮುಗಿಯುವಷ್ಟರಲ್ಲಿ ಅವರು ಸ್ಕ್ರೂ ಡ್ರೈವರ್ ಹಿಡಿದು ಮೆಟ್ಟಿಲ ಕೆಳಗಿನ ಗೂಡಿನೊಳಗೆ ಅರ್ಧ ಮೈ ತೂರಿಸಿಯಾಗಿತ್ತು. ಪೆಟ್ಟಿಗೆಗೆ ಅಲ್ಲೇ ಸ್ಥಾನ. ಅಲ್ಲಿ ಒಬ್ಬರಿಗೇ ಜಾಗ, ಆ ಒಬ್ಬ ನಾನೇ ಎಂದು ಅವರು ಮೊದಲ ದಿನವೇ ಸಾರಿಬಿಟ್ಟರು.

ತಮ್ಮ ಮೊದಲ ಮಾತು ನನಗೆ ಇವತ್ತಿಗೂ ನೆನಪಿದೆ. ಸ್ವಿಚ್ಚು ಹಾಕುತ್ತಲೇ ತಾವು ಮದುವೆಮನೆಯಂತೆ ಬೆಳಗಿದಿರಿ, ನಾನು ಚಪ್ಪಾಳೆ ತಟ್ಟಿದೆ, ತಾವು ಒಂದು ಕ್ಷಣ ಯೋಚಿಸಿದಿರಿ, ಆಮೇಲೆ ತಮ್ಮ ಅಂಗೈಯಗಲದ ಪರದೆಯ ಮೇಲೆ ‘ಸಂಪರ್ಕವಿಲ್ಲ’ ಎಂದು ಬರೆದು ಪೀಂ ಎಂದಿರಿ. ಅರ್ಧ ನಿಮಿಷ ಬಿಟ್ಟು ಇನ್ನೊಮ್ಮೆ. ಆ ಅರ್ಧ ನಿಮಿಷದ ಶಿಸ್ತನ್ನು ತಾವು ಒಂಬತ್ತು ದಿನ ಒಂದು ಸಲವೂ ತಪ್ಪಿಸಲಿಲ್ಲ. ನಮ್ಮ ಗೋಡೆ ಗಡಿಯಾರ ನಾಚಿಕೊಂಡು ನಿಧಾನವಾಗಿದೆ. ನಾನು ಹೊಲಿಗೆ ಹಾಕುವಾಗ ತಮ್ಮ ಪೀಂಗೆ ಸರಿಯಾಗಿ ಕಾಲು ಒತ್ತುವುದು ರೂಢಿಯಾಗಿ, ನಾಲ್ಕನೇ ತರಗತಿಯ ಒಂದಿಡೀ ಗಂಟಿನ ಅಂಗಿಗಳಲ್ಲಿ ಕಾಲರಿನ ಹೊಲಿಗೆ ಗೇಣಿಗೊಮ್ಮೆ ನಿಂತು ಮುಂದೆ ಹೋಗಿದೆ. ಅವೆಲ್ಲವನ್ನೂ ಬಿಚ್ಚಿ ಹೊಲಿದೆ.

ಪೀಂ ಎಂಬುದನ್ನಾದರೂ ಸಂಗೀತವೆಂದು ಸಹಿಸಿಕೊಳ್ಳಬಹುದಿತ್ತು. ತಮ್ಮ ಮನೆತನದ ಇನ್ನೊಂದು ಏರ್ಪಾಡು ಮಾತ್ರ ಎಂಥ ಬುದ್ಧಿವಂತರನ್ನೂ ಬೆರಗುಗೊಳಿಸುವಂಥದ್ದು. ವೈರು ಸರಿಪಡಿಸಬೇಕಾದರೆ ಪೆಟ್ಟಿಗೆಯ ಮುಚ್ಚಳ ತೆಗೆಯಬೇಕು. ಮುಚ್ಚಳ ತೆಗೆದರೆ, ಕಳ್ಳನೇ ತೆಗೆದನೆಂದು ಸೈರನ್ ಕೂಗುತ್ತದೆ. ಕೂಗುವ ಸೈರನ್ ನಿಲ್ಲಬೇಕಾದರೆ ತಮ್ಮ ಗುಂಡಿಗಳಲ್ಲಿ ನಾಲ್ಕು ಅಂಕಿ ಒತ್ತಬೇಕು. ಒತ್ತಿದ ಅಂಕಿ ಪೆಟ್ಟಿಗೆಗೆ ಮುಟ್ಟಬೇಕಾದರೆ ವೈರು ಸರಿಯಿರಬೇಕು. ವೈರು ಸರಿಯಿಲ್ಲವೆಂದೇ ಅಲ್ಲವೇ, ಮಾನ್ಯರೇ, ಮುಚ್ಚಳ ತೆಗೆದದ್ದು? ಕೊನೆಗೆ ಪೆಟ್ಟಿಗೆಯೊಳಗಿನ ಸೈರನ್ನಿನ ಕೊಂಡಿಯನ್ನೇ ಕಿತ್ತು ಬಾಯಿ ಮುಚ್ಚಿಸುವ ಉಪಾಯ ಮೇಷ್ಟ್ರಿಗೆ ಮೂರನೆಯ ದಿನ ಹೊಳೆಯಿತು. ಅಷ್ಟರಲ್ಲಿ ಎದುರು ಮನೆಯ ಹಲ್ಲಿನ ಡಾಕ್ಟರಮ್ಮ, ರೋಗಿಯ ಬಾಯಿಯೊಳಗೆ ಎರಡು ಬೆರಳಿಟ್ಟುಕೊಂಡಿದ್ದ ಹೊತ್ತಿನಲ್ಲೇ ತಾವುಗಳು ಕೂಗಿ, ರೋಗಿ ಬೆಚ್ಚಿ ಹಲ್ಲು ಕಚ್ಚಿ, ಡಾಕ್ಟರಮ್ಮ ಬೆರಳಿಗೆ ಪಟ್ಟಿ ಸುತ್ತಿಕೊಂಡು ನಮ್ಮ ಬಾಗಿಲಿಗೆ ಬಂದಾಗಿತ್ತು. ಬೈಯಲಿಲ್ಲ. ಇನ್ನು ಮೇಲೆ ಮುಚ್ಚಳ ತೆಗೆಯುವ ಮುಂಚೆ ಒಂದು ಫೋನು ಮಾಡಿ, ಬೆರಳು ಹೊರಗೆ ತೆಗೆದುಕೊಳ್ಳುತ್ತೇನೆ ಎಂದಷ್ಟೇ ಕೇಳಿಕೊಂಡರು. ಅಲ್ಲಿಂದ ಮುಂದೆ ಮೆಟ್ಟಿಲ ಕೆಳಗೆ ಸ್ಕ್ರೂ ತಿರುಗಬೇಕಾದರೆ ಎದುರು ಮನೆಯ ಒಪ್ಪಿಗೆ ಬೇಕಾಯಿತು.

ಮೇಷ್ಟ್ರು ಸುಮ್ಮನೆ ಕೈಕಟ್ಟಿ ಕೂರಲಿಲ್ಲ ಎಂಬುದಕ್ಕೆ ತಾವೇ ಸಾಕ್ಷಿ. ಮೀಟರ್ ತಂದು ತಮ್ಮ ಕೆಂಪು-ಕಪ್ಪು ಸ್ಕ್ರೂಗಳಿಗೆ ಮುಟ್ಟಿಸಿ ನೋಡಿದರು. ಹನ್ನೆರಡು ವೋಲ್ಟು ಚೊಕ್ಕವಾಗಿ ಬರುತ್ತಿತ್ತು. ಊಟ ಸರಿಯಾಗಿ ಆಗುತ್ತಿದೆ, ಮಾತು ಮಾತ್ರ ಬಿಟ್ಟಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ಆಮೇಲೆ ತಮ್ಮನ್ನು ಗೋಡೆಯಿಂದ ಇಳಿಸಿ ಮೆಟ್ಟಿಲ ಹತ್ತಿರಕ್ಕೆ ಒಯ್ದು, ಡಬ್ಬಿಯಲ್ಲೇ ಬಂದಿದ್ದ, ಎರಡೂ ತುದಿಗೆ ಒಂದೇ ದಿಕ್ಕಿನಲ್ಲಿ ಕೂರುವ ಪಿನ್ನು ಕೂಡಿಸಿದ್ದ ಗೇಣುದ್ದದ ವೈರಿನಿಂದ ಪೆಟ್ಟಿಗೆಗೆ ಸೇರಿಸಿದರು. ಆಗ ತಾವು ತೋರಿದ ನಯವಿನಯವನ್ನು ಏನೆಂದು ಹೊಗಳಲಿ. ಕೂಡಲೇ ‘ಸಿದ್ಧ’ ಎಂದಿರಿ. ಹಾಗಾದರೆ ತಾವೂ ಸರಿ, ಪೆಟ್ಟಿಗೆಯೂ ಸರಿ, ನಡುವಿನ ಉದ್ದ ವೈರೇ ಹಾಳು ಎಂದು ಮೇಷ್ಟ್ರು ಕರಿಹಲಗೆಯ ಮುಂದೆ ನಿಂತಂತೆ ಸಾಧಿಸಿ ತೋರಿಸಿ, ಗೋಡೆಗೆ ಬಡಿದಿದ್ದ ಹನ್ನೊಂದು ಮೀಟರ್ ವೈರನ್ನು ಕಿತ್ತು ಹೊಸದು ಬಡಿದರು. ಗೋಡೆಗೆ ಮರಳಿದ ತಾವು ಮತ್ತೆ ‘ಸಂಪರ್ಕವಿಲ್ಲ’ ಎಂದಿರಿ. ತುದಿಗಳನ್ನು ಕತ್ತರಿಸಿ, ಸುಲಿದು, ಮತ್ತೆ ಜೋಡಿಸಿದರು. ಆರು ಸಲ. ಆರು ಸಲವೂ ತಮ್ಮದು ಒಂದೇ ಉತ್ತರ.

ಈ ಹಂತದಲ್ಲಿ ನನ್ನ ಕೆಲವು ವಿನಮ್ರ ಕೋರಿಕೆಗಳನ್ನು ಮಂಡಿಸಿಬಿಡುತ್ತೇನೆ. ಸಂಪರ್ಕವಿಲ್ಲದಿದ್ದಾಗ ಅದನ್ನು ಪೀಂ ಎನ್ನುವ ಬದಲು ದಯವಿಟ್ಟು ಒಂದು ಕಾಗದದಲ್ಲಿ ಬರೆದು ಬಾಗಿಲ ಸಂದಿಯಲ್ಲಿ ಹಾಕುವಂತಾಗಬೇಕು. ಕಳ್ಳ ಬಂದಾಗಲೂ ಇದೇ ಅರ್ಧ ನಿಮಿಷಕ್ಕೊಮ್ಮೆ ಇದೇ ಉತ್ಸಾಹದಿಂದ ಮಾತಾಡಬೇಕು. ಗುಂಡಿ ಎಂಟು ಮತ್ತು ಒಂಬತ್ತರ ನಡುವೆ ಸಿಕ್ಕಿಕೊಂಡಿರುವ ನನ್ನ ಗುಂಡುಸೂಜಿಯನ್ನು ತಾವಾಗಿಯೇ ಉಗುಳಬೇಕು. ಮತ್ತು ತಮ್ಮ ಜೊತೆ ಬರುವ ಸೂಚನೆಯ ಪುಸ್ತಕದಲ್ಲಿ, ‘ವೈರುಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ’ ಎಂಬ ನಾಲ್ಕೇ ಪದಗಳ ವಾಕ್ಯದ ಕೆಳಗೆ, ಹೊಂದಿಸಲಾಗದವರು ಏನು ಮಾಡಬೇಕೆಂದೂ ಒಂದು ಸಾಲು ಅಚ್ಚು ಹಾಕಿಸಬೇಕು. ಈ ಕೊನೆಯ ಕೋರಿಕೆಯೊಂದು ತಮಾಷೆಯದಲ್ಲ.

ಭಾನುವಾರ ನಡೆದದ್ದು ಹೀಗೆ. ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ್ದೆವು. ಮೇಷ್ಟ್ರು ಗೂಡಿನೊಳಗೆ, ಫೋನು ನನ್ನ ಕೈಯಲ್ಲಿ, ಗಟ್ಟಿಯಾಗಿ ಕೇಳಿಸುವಂತೆ. ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ, ಪೆಟ್ಟಿಗೆಯ ಕಡೆ ಹಳದಿ ವೈರು ಎಷ್ಟನೇ ಸ್ಕ್ರೂವಿನಲ್ಲಿದೆ ನೋಡಿ ಹೇಳಿ ಸರ್ ಎಂದಳು. ಒಳಗೆ ಸ್ಕ್ರೂ ಡ್ರೈವರ್ ಕೆಳಗೆ ಬಿದ್ದ ಸದ್ದಾಯಿತು. ಅವಳು ಮತ್ತೆ ಕೇಳಿದಳು. ಮೇಷ್ಟ್ರು ಕೈ ಹೊರಗೆ ಚಾಚಿ, ಫೋನು ತೆಗೆದುಕೊಂಡು, ಲೈನು ಸರಿಯಿಲ್ಲವೆಂದು ಹೇಳಿ ಇಟ್ಟುಬಿಟ್ಟರು. ಲೈನು ಸರಿಯಾಗಿಯೇ ಇತ್ತು. ನಾನು ಅವರನ್ನು ಹೊರಗೆ ಬರಹೇಳಿ, ಟಾರ್ಚು ಹಿಡಿದು ಮೊದಲ ಸಲ ಗೂಡಿನೊಳಗೆ ತೂರಿದೆ. ನೂಲಿನ ನಡುವೆಯೇ ಬದುಕಿದವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ತಮ್ಮ ಮುಂದಿನ ಪೀಂ ಬರುವುದರೊಳಗೇ ಗೊತ್ತಾಯಿತು. ಹಳದಿಯ ಜಾಗದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಹಳದಿ.

ತಲೆಗೆ ಜೇಡರ ಬಲೆ ಮೆತ್ತಿಕೊಂಡು ಹೊರಬಂದವಳೇ, ಕಣ್ಣು ಎಲ್ಲಿಟ್ಟುಕೊಂಡು ಜೋಡಿಸಿದಿರಿ ಎಂದು ಶುರುಮಾಡಿದೆ. ಮೇಷ್ಟ್ರು ಸ್ಕ್ರೂ ಡ್ರೈವರನ್ನು ಅಂಗಿಯ ತುದಿಗೆ ಒರೆಸುತ್ತಾ ನಿಂತಿದ್ದರು.

“ನಂಗೆ ಅವೆರಡೂ ಒಂದೇ ಥರ ಕಾಣ್ಸುತ್ತೆ ಕಣೇ,” ಎಂದರು. “ಮೊದ್ಲಿಂದ್ಲೂ.”

ಬೇಕಾದ್ದು ಕೇಳಿಸದೆ, ಬೇಡವಾದ್ದು ಮಾತ್ರ ಚೆನ್ನಾಗಿ ಕೇಳಿಸುವ ನಮ್ಮ ಅತ್ತೆಯವರು ಒಳಕೋಣೆಯಿಂದಲೇ ದನಿಗೂಡಿಸಿದರು. “ಮದುವೆಗೆ ಮುಂಚೆ ಹೇಳ್ಬೇಡ ಅಂದಿದ್ದು ನಾನೇ ಕಣಮ್ಮ. ಹೊಲಿಗೆ ಹುಡುಗಿ, ಬಣ್ಣ ಗೊತ್ತಾಗದವನನ್ನ ಯಾಕೆ ಒಪ್ತಾಳೆ ಅಂತ.”

ನಾನು ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಪ್ಪತ್ತಾರು ವರ್ಷ ಈ ಮನುಷ್ಯನನ್ನು ಅಂಗಡಿಗೆ ನೂಲು ತರಲು ಕಳಿಸಿದ್ದೇನೆ. ಕಡುಹಸಿರು ಕೇಳಿದರೆ ಕಂದು ತರುತ್ತಿದ್ದರು, ತಿಳಿಹಸಿರಿಗೆ ಹಳದಿ. ತುಂಡು ಬಟ್ಟೆ ಜೊತೆಗೆ ಕೊಟ್ಟು ಕಳಿಸಿದರೂ ಅಂಗಡಿಯವನು ಗಡಿಬಿಡಿಯಲ್ಲಿದ್ದ ದಿನ ಅದೇ ಕಥೆ. ನನ್ನ ಮಾತಿಗೆ ಇವರು ಕಿವಿಯನ್ನೇ ಕೊಡುವುದಿಲ್ಲವೆಂದು ನಾನು ತೀರ್ಮಾನಿಸಿಕೊಂಡಿದ್ದೆ. ಒಮ್ಮೆ, ಬೀದಿಯ ಕೊನೆಯವರೆಗೆ ಒಂದು ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಲಾಗದವರು ನನ್ನನ್ನು ಎಲ್ಲಿಟ್ಟುಕೊಂಡೀರಿ ಎಂದೂ ಅಂದಿದ್ದೇನೆ. ಅದನ್ನೂ ನುಂಗಿಕೊಂಡು ಮರುದಿನ ನೂಲು ಬದಲಾಯಿಸಲು ಹೋಗಿದ್ದರು. ಅಂದ ಮಾತನ್ನು ಬಿಚ್ಚಿ ಮತ್ತೆ ಹೊಲಿಯುವಂತಿದ್ದರೆ ಅಲ್ಲೇ ಕೂತು ಬಿಚ್ಚುತ್ತಿದ್ದೆ.

ಅತ್ತೆ-ಮಗ ಇಬ್ಬರ ಮೇಲೂ ಬಂದ ಸಿಟ್ಟು ಮೂರು ಪೀಂಗಳಷ್ಟು ಹೊತ್ತು ಚೆನ್ನಾಗಿಯೇ ಉರಿಯಿತು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಸಂತೆಯಲ್ಲಿ ಪ್ರತಿ ಟೊಮೆಟೊವನ್ನೂ ವೈದ್ಯರಂತೆ ಒತ್ತಿ ಒತ್ತಿ ನೋಡುತ್ತಿದ್ದುದು. ಮುಖ್ಯೋಪಾಧ್ಯಾಯರಿಗೆಂದೇ ಮೀಸಲಾದ ಹಸಿರು ಶಾಯಿಯಲ್ಲಿ ಒಂದು ತರಗತಿಯ ಉತ್ತರಪತ್ರಿಕೆಗಳನ್ನೆಲ್ಲ ತಿದ್ದಿ, ಬೈಸಿಕೊಂಡು ಬಂದು, ಶಾಲೆಯಲ್ಲಿ ಯಾರಿಗೋ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಊಟ ಬಿಟ್ಟದ್ದು. ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದು ನೋಡಿ ಅವರಿಗೂ ಧೈರ್ಯ ಬಂದು, ಕಣ್ಣು ಮುಚ್ಚಿ ಜೋಡಿಸಿದ್ದರೂ ಎರಡರಲ್ಲೊಂದು ಸಲ ಸರಿಯಾಗಬೇಕಿತ್ತು, ಆರಕ್ಕೆ ಆರೂ ತಪ್ಪಾಗುವ ಸಂಭವ ಅರವತ್ತನಾಲ್ಕರಲ್ಲಿ ಒಂದೇ ಒಂದು ಎಂದು ಲೆಕ್ಕ ಹಾಕಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ನಾನೇ ಜೋಡಿಸಿಬಿಡುತ್ತೇನೆಂದೆ. ಅವರು ಒಪ್ಪಲಿಲ್ಲ. ಅದಕ್ಕೆ ಹೊಲಿಗೆ ದಾರ ತಂದು ಎರಡೂ ತುದಿಗಳಲ್ಲಿ ಹಳದಿ ವೈರಿಗೆ ಒಂದು ಗಂಟು, ಹಸಿರಿಗೆ ಎರಡು ಗಂಟು ಹಾಕಿಕೊಟ್ಟೆ; ಪೆಟ್ಟಿಗೆಯ ಮೇಲೂ ತಮ್ಮ ಬೆನ್ನ ಮೇಲೂ ಪೆನ್ನಿನಿಂದ ಒಂದು, ಎರಡು ಎಂದು ಬರೆದೆ. ಎದುರು ಮನೆಗೆ ಫೋನು ಮಾಡಿದೆವು, ಡಾಕ್ಟರಮ್ಮ ಬೆರಳು ತೆಗೆದುಕೊಂಡರು, ಮೇಷ್ಟ್ರು ಗೂಡಿಗೆ ಹೋಗಿ ಬೆರಳಲ್ಲೇ ಗಂಟು ಎಣಿಸಿ ಸ್ಕ್ರೂ ಬಿಗಿದರು. ಸ್ವಿಚ್ಚು ಹಾಕಿದಾಗ ತಾವು ಬೆಳಗಿದಿರಿ, ಯೋಚಿಸಿದಿರಿ, ‘ಸಿದ್ಧ’ ಎಂದಿರಿ. ಆ ಮೌನ ಎಷ್ಟು ದೊಡ್ಡದಿತ್ತೆಂದರೆ ಅತ್ತೆಯವರು ಏನಾಯಿತೆಂದು ಗಾಬರಿಯಾಗಿ ಎದ್ದು ಮುಂದಿನ ಕೋಣೆಗೆ ಬಂದರು. ಬಂದವರು ತಮ್ಮನ್ನು ಮೇಲಿಂದ ಕೆಳಗೆ ನೋಡಿ, ಮಗನ ಕೈಯಿಂದ ನಾಲ್ಕು ಅಂಕಿ ಕಲಿತು, ಮೂರು ಸಲ ಒತ್ತಿ ನೋಡಿ, ಕುರ್ಚಿ ತರಿಸಿಕೊಂಡು ಕೂತರು. ಈಗ ಅವರು ದಿನವಿಡೀ ಮಾತಾಡುತ್ತಾರೆ, ಹೆಚ್ಚಾಗಿ ತಮ್ಮ ಜೊತೆಯೇ. ದಯವಿಟ್ಟು ಹೂಂಗುಟ್ಟಬೇಕು.

ಅದೇ ಸಂಜೆ ನಾನು ಮೇಷ್ಟ್ರಿಗೆ ಬಾಗಿಲ ಪರದೆ ತೋರಿಸಿ ಇದು ಯಾವ ಬಣ್ಣ ಕಾಣುತ್ತದೆ, ನಿಜ ಹೇಳಿ ಎಂದೆ. ಅವರು ಹತ್ತಿರ ಹೋಗಿ ಅಂಚನ್ನು ಬೆರಳಲ್ಲಿ ಸವರಿ, “ಬಣ್ಣ ಗೊತ್ತಿಲ್ಲ. ನೀನು ಹೊಲಿದದ್ದು ಅಂತ ಗೊತ್ತು,” ಎಂದರು. ಅದು ಅಂಗಡಿಯಿಂದ ತಂದ ಪರದೆ. ನಾನು ಹೇಳಲಿಲ್ಲ. ತಾವೂ ಹೇಳಕೂಡದು.

ಇಂತು, ತಮ್ಮ ಗುಂಡಿಗಳನ್ನು ದಿನಕ್ಕೆರಡು ಸಲ ಒರೆಸುವ,
ತಮ್ಮ ವಿಶ್ವಾಸಿ,
ಮುಂದಿನ ಕೋಣೆಯ ದರ್ಜಿ

ತಾ.ಕ.: ತಮ್ಮ ಕಂಪನಿಯವರು ನಿನ್ನೆ ಫೋನಿಗೆ ಎರಡು ಮುಖಗಳ ಚಿತ್ರ ಕಳಿಸಿ, ಸೇವೆ ತೃಪ್ತಿ ಕೊಟ್ಟಿದ್ದರೆ ಹಸಿರು ಮುಖವನ್ನೂ, ಕೊಡದಿದ್ದರೆ ಕೆಂಪು ಮುಖವನ್ನೂ ಒತ್ತಿರೆಂದು ಕೇಳಿದ್ದರು. ಎರಡು ಮುಖವೂ ಒಂದೇ ಥರ ನಗುತ್ತಿದ್ದವು. ಮೇಷ್ಟ್ರು ಬಹಳ ಕೃತಜ್ಞತೆಯಿಂದ ಒಂದನ್ನು ಒತ್ತಿದರು. ಯಾವುದನ್ನೆಂದು ಪಕ್ಕದಲ್ಲೇ ಕೂತಿದ್ದ ನಾನು ನೋಡಿದೆ, ತಡೆಯಬೇಕೆಂದು ಅನಿಸಲಿಲ್ಲ.