ಬೊಮ್ಮಸಂದ್ರದಲ್ಲಿ ಸೋದರಮಾವನ ತೊಡೆ

ಬೆಂಗಳೂರು ನಂಗೆ ಅಂಗೈ ಇದ್ದಂಗೆ. ಮೂರು ಸಲ ಹೋಗಿದೀನಿ. ಒಂದ್ಸಲ ಭಾವನ ಕಾರಲ್ಲಿ, ಹಿಂದಿನ ಸೀಟಲ್ಲಿ, ನಿದ್ದೆ ಮಾಡ್ಕೊಂಡು. ಇನ್ನೊಂದ್ಸಲ ಸ್ಕೂಲ್ ಟೂರಲ್ಲಿ, ವಾಂತಿ ಮಾಡ್ಕೊಂಡು. ಮತ್ತೊಂದ್ಸಲ ಅಮ್ಮನ ಹೊಟ್ಟೇಲಿದ್ದಾಗ. ಅದನ್ನೂ ಸೇರಿಸ್ಕೊಂಡಿದೀನಿ, ಯಾಕಂದ್ರೆ ಅವತ್ತು ಬಸ್ಸಲ್ಲಿ ಹೋಗಿದ್ದು.

ಇಷ್ಟು ಅನುಭವ ಇರೋನು ಒಬ್ಬನೇ ಯಶವಂತಪುರಕ್ಕೆ ಹೋಗೋದು ಏನು ಮಹಾ? ನಮ್ಮಕ್ಕನ ಮಗಳು ಪುಟ್ಟಿಗೆ ಭಾನುವಾರ ಅಲ್ಲಿ ಭಾವನ ಮನೇಲಿ ಕಿವಿ ಚುಚ್ಚೋದಿತ್ತು. ಮನೆಯವರೆಲ್ಲ ಶನಿವಾರವೇ ಹೊರಟ್ರು. ನಂಗೆ ಪ್ಲಸ್ ಒನ್ ಸ್ಪೆಷಲ್ ಕ್ಲಾಸ್ ಇತ್ತು ಅಂತ ತಮಿಳುನಾಡು ಗಡಿ ಒಳಗಿರೋ ನಮ್ಮೂರು ಬೇರಿಕೇಲೇ ಉಳ್ಕೊಂಡೆ.

"ಒಬ್ನೇ ಬತ್ತೀಯೇನ್ಲಾ?" ಅಂದ್ರು ಅಮ್ಮ. "ನೀನ್ ಬರ್ದಿದ್ರೆ ಚುಚ್ಚಂಗಿಲ್ಲ ಕಣ್ಲಾ."

ಅದು ನಿಜ. ನಮ್ಮ ಕಡೆ ಕಿವಿ ಚುಚ್ಚೋವಾಗ ಕೂಸು ಸೋದರಮಾವನ ತೊಡೆ ಮೇಲೇ ಕೂತಿರ್ಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ. ಅಂದ್ರೆ ಸದರಿ ಶುಭಕಾರ್ಯಕ್ಕೆ ಅರ್ಹತೆ ಇರೋ ತೊಡೆಗಳು ಇಡೀ ಭೂಮಂಡಲದಲ್ಲಿ ಎರಡೇ. ಎರಡೂ ನನ್ನವು. ಮುಹೂರ್ತ ಹನ್ನೊಂದರಿಂದ ಹನ್ನೊಂದೂವರೆ. ಅದು ತಪ್ಪಿದ್ರೆ ಮುಂದಿನ ಒಳ್ಳೇ ದಿನ ಎರಡು ತಿಂಗಳ ಮೇಲೆ.

"ಆರು ಗಂಟೆ ಬಸ್ಸು ಹತ್ತು."

"ಅಮ್ಮಾ, ಸಿಟಿಗೆ ಹೋಗೋರು ಗಾಬರಿ ಬೀಳಬಾರ್ದು."

ಎಂಟು ಗಂಟೆ ಬಸ್ಸು ಹತ್ತಿದೆ. ನಡುವಿನ ಎರಡು ಗಂಟೆ ನನ್ನ ತಲೆಕೂದಲಿನ ಅಭಿವೃದ್ಧಿಗೆ ವಿನಿಯೋಗವಾಯ್ತು.

ಬಾಗಲೂರಲ್ಲಿ ಒಬ್ಬ ತಾತ ಹತ್ತಿ ನನ್ನ ಪಕ್ಕ ಕೂತ್ರು. ಹೆಸರು ಚಿನ್ನಪ್ಪ. ಕೈಯಲ್ಲಿ ಒಂದು ಚೀಲ ಅವರೆಕಾಯಿ, ಹೆಗಲ ಮೇಲೆ ಟವಲ್ಲು. ಜಯನಗರದಲ್ಲಿರೋ ಮಗಳ ಮನೆಗೆ ಹೊರಟಿದ್ರು.

"ಹೆಂಗ್ ಹೋಯ್ತೀರ ತಾತ?"

"ಹೊಸೂರಲ್ಲಿ ಒಂದು ಬಸ್ಸು, ಸಿಲ್ಕ್ ಬೋರ್ಡಲ್ಲಿ ಒಂದು ಬಸ್ಸು. ಹತ್ತೊರ್ಷದಿಂದ ಹಂಗೇ ಹೋಯ್ತಿವ್ನಿ."

ಹತ್ತು ವರ್ಷದಿಂದ ತಪ್ಪಾಗಿ ಹೋಗ್ತಿದ್ದಾರಲ್ಲ ಅಂತ ನಂಗೆ ಕರುಳು ಚುರ್ ಅಂತು. "ಬಸ್ಸಾ? ಮೆಟ್ರೋ ಬಂದೈತೆ ತಾತ. ಬೊಮ್ಮಸಂದ್ರದಲ್ಲಿ ಇಳಿಯೋದು, ಮೆಟ್ರೋ ಹತ್ತೋದು, ಆರ್.ವಿ. ರೋಡಲ್ಲಿ ನಿಮ್ಮನ್ನ ಇಳಿಸಿ ನಾನು ಇನ್ನೊಂದು ಟ್ರೇನು ಹತ್ಕೊಂಡು ಯಶವಂತಪುರಕ್ಕೆ ಹೋಯ್ತೀನಿ. ನನ್ ಜೊತೆ ಬನ್ನಿ."

ನಾನು ಅದುವರೆಗೂ ಮೆಟ್ರೋ ನೋಡಿದ್ದು ಫೋನಲ್ಲಿ.

ಹೊಸೂರಲ್ಲಿ ಬೆಂಗಳೂರು ಬಸ್ಸು ಹತ್ತಿದ್ವಿ. ಅತ್ತಿಬೆಲೆ ದಾಟ್ತಿದ್ದಂಗೆ ತಾತನಿಗೆ ನಗರ ಜೀವನದ ಬಗ್ಗೆ ಉಪನ್ಯಾಸ ಶುರು ಮಾಡಿದೆ. ಸಿಟೀಲಿ ಹೆಂಗೆ ನಡೀಬೇಕು, ಯಾರನ್ನ ನಂಬಬಾರ್ದು, ದಾರಿ ಗೊತ್ತಿಲ್ಲ ಅಂತ ಮುಖದಲ್ಲಿ ಯಾಕೆ ತೋರಿಸ್ಬಾರ್ದು. ಎಲ್ಲಾ ಹೇಳಿ ತಲೆ ಎತ್ತಿದ್ರೆ ಬಸ್ಸು ಫ್ಲೈಓವರ್ ಮೇಲಿತ್ತು.

"ಬೊಮ್ಮಸಂದ್ರ ಬಂದಿಲ್ವಾ?" ಅಂತ ಕಂಡಕ್ಟರ್‌ನ ಕೇಳಿದೆ.

"ಪೋಯಿಡ್ಚು ತಂಬಿ," ಅಂದ ಅವನು. "ದಾಟಿ ಹೋಯ್ತು. ಎರಡು ಸಲ ಕೂಗಿದೆ. ಇನ್ನು ಸಿಲ್ಕ್ ಬೋರ್ಡೇ."

ನಾನು ತಾತನ ಕಡೆ ತಿರುಗಿದೆ. "ನಿಮಗೆ ಕೇಳಿಸ್ಲಿಲ್ವಾ ತಾತ?"

"ಕೇಳಿಸ್ತು."

"ಮತ್ತೆ ಹೇಳೋದಲ್ವಾ?"

"ನೀನೇನೋ ಹೇಳ್ತಿದ್ದೆ. ನಡುವೆ ಬಾಯಿ ಹಾಕ್ಬಾರ್ದು ಅಂತ ಸುಮ್ಕಿದ್ದೆ."

ಪಕ್ಕದಲ್ಲೇ ಮೆಟ್ರೋ ಸ್ಟೇಷನ್ನುಗಳು ಒಂದಾದ್ಮೇಲೆ ಒಂದು ಹಿಂದೆ ಹೋಗ್ತಿದ್ವು. ನಾವು ಫ್ಲೈಓವರ್ ಮೇಲೆ, ಇಳಿಯೋಕೆ ಜಾಗ ಇಲ್ಲ. ಮದುವೆ ಮನೆ ಊಟ ಗಾಜಿನ ಕಿಟಕಿಯಿಂದ ನೋಡ್ದಂಗೆ.

ಸಿಲ್ಕ್ ಬೋರ್ಡಲ್ಲಿ ಇಳಿದಾಗ ಹತ್ತು ದಾಟಿತ್ತು. "ನಾನು ಬಸ್ಸಲ್ಲೇ ಹೋಯ್ತೀನಿ ಬುಡು ಮಗಾ," ಅಂದ್ರು ತಾತ. ನಾನು ಬಿಡ್ತೀನಾ? ಅಲ್ಲೂ ಮೆಟ್ರೋ ಐತೆ ಅಂತ ಅವರ ಚೀಲ ಕಿತ್ಕೊಂಡು ಮೇಲಕ್ಕೆ ಕರ್ಕೊಂಡು ಹೋದೆ. ಆ ಕಡೆ ಪ್ಲಾಟ್‌ಫಾರ್ಮಲ್ಲಿ ಜನವೋ ಜನ. ಈ ಕಡೆ ಖಾಲಿ. ಅಷ್ಟರಲ್ಲಿ ಈ ಕಡೆಗೇ ಟ್ರೇನು ಬಂತು. ಅದೂ ಖಾಲಿ.

"ನೋಡಿದ್ರಾ ತಾತ, ಈ ಜನಕ್ಕೆ ಬುದ್ಧಿನೇ ಇಲ್ಲ. ಇಷ್ಟು ಸೀಟು ಬಿಟ್ಟು ಅಲ್ಲಿ ನಿಂತವ್ರೆ."

ಹತ್ತಿ ಕಾಲು ನೀಟ್ಕೊಂಡು ಕೂತ್ವಿ. ಏಸಿ ತಣ್ಣಗಿತ್ತು. ಟ್ರೇನಲ್ಲಿ ಹೆಣ್ಣು ದನಿ ಏನೇನೋ ಹೇಳ್ತಿತ್ತು. ಅದನ್ನ ಕೇಳೋದು ಹೊಸಬರ ಕೆಲಸ ಅಂತ ನಾನು ಕಿವಿಗೆ ಇಯರ್‌ಫೋನ್ ಹಾಕ್ಕೊಂಡೆ. ಇಪ್ಪತ್ತು ನಿಮಿಷ ಕಳೀತು. ತಾತ ನನ್ನ ಮೊಣಕೈ ತಿವಿದ್ರು.

"ಮಗಾ, ಆ ಫ್ಲೈಓವರ್ ಮೇಲೇ ಅಲ್ವಾ ನಾವು ಬೆಳಗ್ಗೆ ಬಂದಿದ್ದು?"

"ಎಲ್ಲಾ ಫ್ಲೈಓವರೂ ಒಂದೇ ತರ ಇರ್ತವೆ ತಾತ."

"ಹಂಗಾದ್ರೆ ಸರಿ." ಟ್ರೇನು ನಿಂತಾಗ ಹೊರಗೆ ಇಣುಕಿ ಮತ್ತೆ ಅಂದ್ರು, "ಬೋರ್ಡು ಮಾತ್ರ ಬೊಮ್ಮಸಂದ್ರ ಅಂತ ಐತೆ."

ಕಡೇ ಸ್ಟೇಷನ್ನು. ಎಲ್ಲರೂ ಇಳಿದ್ರು. ಎದುರಿಗೆ ಹೊಸೂರು ರೋಡು. ಟೈಮು ಹತ್ತು ಮುಕ್ಕಾಲು. ಎರಡೂ ಮುಕ್ಕಾಲು ಗಂಟೆ ಪ್ರಯಾಣ ಮಾಡಿ ನಾನು ನಮ್ಮೂರಿನ ಕಡೆಗೇ ಬಂದು ನಿಂತಿದ್ದೆ.

ಅಮ್ಮನ ಫೋನು. "ಎಲ್ಲಿದೀಯಾ?"

"ಮೆಟ್ರೋದಲ್ಲೇ ಇದೀನಮ್ಮ, ಬಂದೇಬಿಟ್ಟೆ."

ತಾತ ಫೋನಿನ ಹತ್ರ ಬಾಯಿ ತಂದು, "ಬೊಮ್ಮಸಂದ್ರದಾಗವ್ನೆ ಕಣಮ್ಮ," ಅಂದ್ರು. ಬಸ್ಸಲ್ಲಿ ನಡುವೆ ಬಾಯಿ ಹಾಕದ ಮನುಷ್ಯ.

ಆ ಕಡೆ ಏನಾಯ್ತು ಅಂತ ನಾನು ಬರೆಯಲ್ಲ. ಅಮ್ಮ ಕನ್ನಡದಲ್ಲಿ ಶುರು ಮಾಡಿ, ಸಾಲದೆ ತಮಿಳಿಗೆ ಹೋಗಿ, ತೆಲುಗಲ್ಲಿ ಮುಗಿಸಿದ್ರು. ಕೊನೆಗೆ ದನಿ ಸಣ್ಣದಾಯ್ತು. "ನಿಮ್ ಭಾವನ ಮನೆಯವರೆಲ್ಲ ಕೂತವ್ರೆ ಕಣೋ. ತಾಯಿಮನೆಯಿಂದ ಒಂದು ತೊಡೆ ಬರಲಿಲ್ಲ ಅಂದ್ರೆ ನಿಮ್ಮಕ್ಕ ತಲೆ ಎತ್ಕೊಂಡು ಹೆಂಗಿರ್ತಾಳೆ?"

ಆಗ ನಂಗೆ ನಗು ಬರಲಿಲ್ಲ. ವಾಪಸ್ ಹೋಗೋ ಟ್ರೇನು ಹನ್ನೊಂದೂ ಐದಕ್ಕೆ ಬಂತು. ಹತ್ತಿದ್ವಿ.

ಹನ್ನೊಂದೂ ಕಾಲಿಗೆ ಅಕ್ಕ ವಿಡಿಯೋ ಕಾಲ್ ಮಾಡಿದ್ಲು. ಕಣ್ಣು ಕೆಂಪಾಗಿತ್ತು. "ಕಿವಿ ಚುಚ್ಚೋ ಆಚಾರಿ ಹೊರಡ್ತೀನಿ ಅಂತವ್ರೆ. ಪುಟ್ಟೀನ ಮಣೆ ಮೇಲೆ ಕೂರಿಸಿ ಮುಂದೆ ಫೋನ್ ಇಡ್ತೀವಿ. ನೀನು ಅಲ್ಲೇ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೊ. ತೊಡೆ ಕಾಣ್ಬೇಕಂತೆ."

ಕೂತೆ. ಸೀಟಿನ ಮೇಲೆ, ಮೆಟ್ರೋದಲ್ಲಿ, ಎಲ್ಲರೆದುರಿಗೆ. ತಾತ ಎದುರು ನಿಂತು ಎರಡೂ ಕೈಯಲ್ಲಿ ಫೋನು ಹಿಡ್ಕೊಂಡ್ರು, ಮಂಗಳಾರತಿ ತಟ್ಟೆ ಹಿಡ್ದಂಗೆ.

"ಅಯ್ಯೋ, ಹರಿದಿರೋ ಪ್ಯಾಂಟ್ ಹಾಕ್ಕೊಂಡು ಬಂದವ್ನಲ್ಲೇ," ಅಂತ ಆ ಕಡೆಯಿಂದ ಅಮ್ಮನ ದನಿ.

"ಅದು ಸ್ಟೈಲಮ್ಮ."

ತಾತ ಫೋನನ್ನ ಒಂದೇ ಕೈಗೆ ತಗೊಂಡು, ಇನ್ನೊಂದು ಕೈಯಲ್ಲಿ ಹೆಗಲ ಮೇಲಿನ ಟವಲ್ಲು ತೆಗೆದು ನನ್ನ ಮೊಣಕಾಲಿಗೆ ಹೊದಿಸಿದ್ರು. ಆಮೇಲೆ, "ಶುಭಕಾರ್ಯದಲ್ಲಿ ಬರೀ ತೊಡೆ ಇರ್ಬಾರ್ದು," ಅಂತ ಅವರೆಕಾಯಿ ಚೀಲಾನ ಎತ್ತಿ ಮೇಲಿಟ್ರು. ಹಿಂಗೆ ಯಶವಂತಪುರದಲ್ಲಿ ಕೂಸು ಮಣೆ ಮೇಲೆ ಕೂತಿದ್ದಾಗ, ಸೋದರಮಾವನ ತೊಡೆ ಮೇಲೆ ಮೂರು ಕೇಜಿ ಅವರೆಕಾಯಿ ವಿರಾಜಮಾನವಾಗಿತ್ತು. ಬಾಗಿಲ ಹತ್ರ ನಿಂತಿದ್ದೋರೆಲ್ಲ ತಾತನ ಹಿಂದೆ ಬಂದು ಬಗ್ಗಿದ್ರು.

ಪುಟ್ಟಿ ತುಟಿ ಸೊಟ್ಟ ಮಾಡೋಕೆ ಶುರು ಮಾಡಿದ್ಲು. ಆಚಾರಿ ಕೈ ಅಲ್ಲೇ ನಿಂತ್ಬಿಡ್ತು. ನಂಗೆ ಇನ್ನೇನೂ ತೋಚಲಿಲ್ಲ. ಮಾಲುಗಣ್ಣು ಮಾಡಿದೆ, ಮೂಗು ಮೇಲೆತ್ತಿದೆ, ನಾಲಿಗೆ ಹೊರಗೆ ಹಾಕಿ ಕೋತಿ ತರ ಕಿಚಕಿಚ ಅಂದೆ. ಎರಡು ಗಂಟೆ ಬಾಚಿದ್ದ ಕೂದಲನ್ನ ನಾನೇ ಕೆದರ್ಕೊಂಡೆ. ಪುಟ್ಟಿ ಅಳು ಮರ್ತು ಕಣ್ಣು ಅಗಲ ಮಾಡಿ ನೋಡಿದ್ಲು. ಚುಚ್ಚಿಬಿಟ್ರು. ಒಂದು ಕಿವಿ ಮುಗೀತು. ಎರಡನೇದಕ್ಕೆ ಮಾತ್ರ ಕಿರುಚಿದ ಕಿರುಚಾಟಕ್ಕೆ ಇಡೀ ಬೋಗಿ ಬೆಚ್ಚಿಬಿತ್ತು.

"ಆಯ್ತು ಕಣೋ," ಅಂದ್ಲು ಅಕ್ಕ. ಅಳ್ತಾ ನಗ್ತಿದ್ಲು. ಯಾರೋ ಚಪ್ಪಾಳೆ ಹೊಡೆದ್ರು. ನಾನು ಅವರೆಕಾಯಿ ಚೀಲ ತಬ್ಬಿಕೊಂಡು ಕಿಟಕಿ ಕಡೆ ತಿರುಗಿದೆ. ಕಣ್ಣಿಗೆ ಧೂಳು ಬಿದ್ದಿತ್ತು. ಏಸಿ ಟ್ರೇನಲ್ಲೂ ಬೀಳುತ್ತೆ.

ಆರ್.ವಿ. ರೋಡಲ್ಲಿ ತಾತ ಟವಲ್ಲು, ಚೀಲ ಇಸ್ಕೊಂಡು ಇಳಿದು ನನ್ನ ತಲೆ ಸವರಿದ್ರು. "ಮಗೀಗೆ ಒಳ್ಳೇದಾಗ್ಲಿ. ಬತ್ತೀನಿ ಮಗಾ." ಆಚೆ ಹೋಗೋ ದಾರಿ ಎಡಕ್ಕೆ ಅಂತ ನಾನು ಕೈ ತೋರಿಸಿದೆ. ಅವರು ತಲೆ ಆಡಿಸಿ, ನೇರವಾಗಿ ಸೆಕ್ಯುರಿಟಿಯವನ ಹತ್ರ ಹೋಗಿ ಕೇಳಿ, ಬಲಕ್ಕೆ ಹೋಗ್ಬುಟ್ರು.

ಯಶವಂತಪುರ ಸೇರಿದಾಗ ಹನ್ನೆರಡೂ ಕಾಲು. ಊಟ ನಡೀತಿತ್ತು. ಪುಟ್ಟಿ ನಮ್ಮಮ್ಮನ ಸೊಂಟದ ಮೇಲೆ ನಗ್ತಾ ಕೂತಿದ್ಲು, ಕಿವೀಲಿ ಪುಟಾಣಿ ಚಿನ್ನ ಮಿಣಮಿಣ ಅಂತಿತ್ತು. ಮುಹೂರ್ತ ಕಾಪಾಡಿದ ಸೋದರಮಾವ ಬಂದಿದೀನಿ ಅಂತ ಎರಡೂ ಕೈ ಚಾಚಿ ಮುಂದೆ ಹೋದೆ.

ಅವಳು ನನ್ನ ಮುಖ ನೋಡಿದ್ಲು. ನಗು ನಿಂತ್ಹೋಯ್ತು. ಎರಡೂ ಕೈಯಿಂದ ಎರಡೂ ಕಿವಿ ಮುಚ್ಕೊಂಡು ಮನೆ ಹಾರಿಹೋಗೋ ಹಂಗೆ ಕಿರುಚಿದ್ಲು.

ಇದಾಗಿ ಮೂರು ತಿಂಗಳಾಯ್ತು. ಈಗ ಪುಟ್ಟಿ ಅಜ್ಜೀನ ಕಂಡ್ರೆ ಅಜ್ಜಿ ಅಂತಾಳೆ, ಹಸೂನ ಕಂಡ್ರೆ ಅಂಬಾ ಅಂತಾಳೆ. ನನ್ನ ಕಂಡ್ರೆ ಕಿವಿ ಮುಚ್ಕೊತಾಳೆ.