ಕೊಡೆಯಿಲ್ಲದೆ ಹೊರಟ ಯಜಮಾನರು

ಕೊಡೆ ಕಂಪನಿಯ ಯಜಮಾನರು ಅಂದು ಬೆಳಿಗ್ಗೆ ಕೊಡೆಯಿಲ್ಲದೆ ಮನೆಯಿಂದ ಹೊರಬಿದ್ದರು. ಅಷ್ಟೇ ತಪ್ಪು. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಕ್ಷೌರದಂಗಡಿ ಬೀದಿಯ ತುದಿಯಲ್ಲೇ ಇತ್ತು.

ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನಿಂದ ಇಣುಕಿದರು. “ಏನ್ ಸ್ವಾಮಿ, ಬರಿಗೈಲಿ? ಮಳೆ ಇಲ್ವೋ?”

“ಇಲ್ಲ ಬಿಡಿ ಮೇಷ್ಟ್ರೇ,” ಎಂದು ಯಜಮಾನರು ನಕ್ಕರು. ಮೇಷ್ಟ್ರು ನಗಲಿಲ್ಲ. ಒಳಗೆ ಓಡಿ ಫೋನು ಹಿಡಿದರು.

ಹೋದ ತಿಂಗಳಾಗಿದ್ದರೆ ಈ ಮಾತು ಗಾಳಿಗೆ ಹೋಗುತ್ತಿತ್ತು. ಆದರೆ ಹೊಸ ಯಂತ್ರಗಳಿಗೆ ಹಣ ಬೇಕಾಗಿ, ಲೆಕ್ಕ ನೋಡುವ ಭಾಮೈದ ಕಿವಿಯೂದಿದ್ದ: “ಬ್ಯಾಂಕಿಗೆ ಯಾಕೆ ಬಡ್ಡಿ ಕಟ್ತೀರಿ ಭಾವ? ಕಂಪನೀನ ಷೇರುಪೇಟೆಗೆ ಇಳಿಸಿ. ಜನ ದುಡ್ಡು ಕೊಡ್ತಾರೆ, ವಾಪಸ್ ಕೇಳಲ್ಲ.” ಇಳಿಸಿದ್ದಾಯಿತು, ಬೀದಿಯವರೆಲ್ಲ ಷೇರು ಕೊಂಡರು. ನಿಜ, ದುಡ್ಡು ಯಾರೂ ವಾಪಸ್ ಕೇಳಲಿಲ್ಲ. ಮಿಕ್ಕಿದ್ದನ್ನೆಲ್ಲ ಕೇಳಿದರು.

ಕ್ಷೌರಿಕ ಯಜಮಾನರ ಗಂಟಲಿಗೆ ಕತ್ತಿಯಿಟ್ಟು, ಇನ್ನೊಂದು ಕೈಯಲ್ಲಿದ್ದ ಫೋನು ನೋಡಿ ಕಿರುಚಿದ. “ಷೇರು ಬಿದ್ದೋಯ್ತು! ಈ ಸಲ ಮಳೆ ಇಲ್ಲ ಅಂದ್ರಂತೆ ನೀವು! ನಮ್ಮ ಕಂಪನೀನ ಹೀಗಾ ನಡೆಸೋದು?”

“ನಮ್ಮದಾ? ನಮ್ಮಪ್ಪ ಕಟ್ಟಿದ ಕಂಪನಿ ಕಣಯ್ಯ ಅದು!”

“ಹತ್ತು ಷೇರಿನ ಮಾಲೀಕ ನಾನು. ಗದ್ದ ಎತ್ತಿ.”

ಮಾಲೀಕರು ಮಾಲೀಕನ ಮುಂದೆ ಗದ್ದ ಎತ್ತಿದರು. ಒಂದು ಕೆನ್ನೆ ಬೋಳಾಗುವಷ್ಟರಲ್ಲಿ ಷೇರು ಇನ್ನಷ್ಟು ಜಾರಿತು. ಇನ್ನೊಂದು ಕೆನ್ನೆಯ ನೊರೆ ಒರೆಸಿಕೊಂಡು ಅವರು ಕಚೇರಿಗೆ ಓಡಿದರು.

ಭಾಮೈದ ಬಾಗಿಲಲ್ಲೇ ನಿಂತಿದ್ದ. “ಷೇರುಪೇಟೆಯವರು ಸಮಜಾಯಿಷಿ ಕೇಳಿದ್ದಾರೆ ಭಾವ. ಕೊಡೆ ಯಾಕೆ ತಗೊಂಡು ಹೋಗ್ಲಿಲ್ಲ ಅಂತ ಬರೆದುಕೊಡ್ಬೇಕು.”

“ಒಳಗೆ ಹಾಕಿರೋ ಚಡ್ಡಿ ಯಾವ ಬಣ್ಣ ಅಂತಾನೂ ಬರೆದುಕೊಡ್ಲಾ?”

“ಬೆಲೆ ಏರಿಳಿಯೋ ಹಾಗಿದ್ರೆ, ಕೊಡ್ಬೇಕು.”

“ಕೊಡೆ ಕಡ್ಡಿ ಮುರಿದಿತ್ತು! ಬರ್ಕೋ!”

ಭಾಮೈದ ಬರೆದು ಕಳಿಸಿಯೇಬಿಟ್ಟ. ಕೊಡೆ ಕಂಪನಿಯ ಯಜಮಾನರ ಕೊಡೆಯೇ ಮುರಿದಿದೆಯೆಂದು ಟಿವಿಯಲ್ಲಿ ಬಂತು. ಷೇರು ಬಾವಿಗೆ ಬಿದ್ದ ಕೊಡದಂತೆ ಬುಳುಬುಳು ಮುಳುಗಿತು. ಕಚೇರಿಯ ಗೇಟಿನಲ್ಲಿ ಮೇಷ್ಟ್ರು ಮುಂದೆ, ಕ್ಷೌರಿಕ ಹಿಂದೆ, ಬೀದಿಯವರೆಲ್ಲ ಸುತ್ತ ನೆರೆದು ಕೂಗತೊಡಗಿದರು.

ಯಜಮಾನರ ಬೋಳು ಕೆನ್ನೆ ಕೆಂಪಾಯಿತು. “ಮೂವತ್ತು ವರ್ಷ ಬಟ್ಟೆ, ಕಡ್ಡಿ, ಹಿಡಿ ಅಂತ ಸತ್ತವನು ನಾನು. ಒಂದು ಕೊಡೆ ನೆಟ್ಟಗೆ ಮಡಚೋಕೆ ಬರದವರು ನನಗೆ ಪಾಠ ಹೇಳ್ತಾರಾ? ಬರ್ಕೋ, ರಾಜೀನಾಮೆ! ನಾನಿಲ್ದಿದ್ರೆ ಏನಾಗುತ್ತೆ ಅಂತ ಈ ಮುಂಡೇಮಕ್ಕಳಿಗೆ ಗೊತ್ತಾಗ್ಲಿ!”

ಸುದ್ದಿ ಹೋಯಿತು. ಎಲ್ಲರೂ ಬಂದು ಕಾಲು ಹಿಡಿಯಲೆಂದು ಯಜಮಾನರು ಕೈಕಟ್ಟಿ ಕುಳಿತರು.

ಷೇರು ಬಾಲಕ್ಕೆ ಕಿಡಿ ತಾಗಿದ ಬೆಕ್ಕಿನಂತೆ ಮೇಲಕ್ಕೆ ನೆಗೆಯಿತು. ಗೇಟಿನಲ್ಲಿ ಶಿಳ್ಳೆ, ಚಪ್ಪಾಳೆ.

“ರಾಜೀನಾಮೆ ವಾಪಸ್ ತರಿಸೋ!”

“ತರಿಸಿದ್ರೆ ಷೇರು ಬೀಳುತ್ತೆ ಭಾವ. ಕೆಳಗೆ ಜನ ಇದ್ದಾರೆ.”

“ಹಾಗಾದ್ರೆ ನನ್ನ ಷೇರಾದ್ರೂ ಮಾರು!”

“ಕಂಪನೀನ ಪೇಟೆಗೆ ಇಳಿಸಿದವರು ಇಷ್ಟು ಬೇಗ ಮಾರೋ ಹಾಗಿಲ್ಲ. ಕಾನೂನು.”

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಸದ್ಯ, ಒಬ್ಬಳಾದರೂ ತನ್ನ ಪರ ಇದ್ದಾಳಲ್ಲ ಎಂದು ಯಜಮಾನರು ಫೋನನ್ನು ಕಿವಿಗೆ ಒತ್ತಿಕೊಂಡರು.

“ರೀ, ಟಿವಿ ನೋಡಿದೆ. ನಮ್ಮಮ್ಮಂಗೆ ಎಷ್ಟು ಖುಷಿ ಗೊತ್ತಾ? ಅವರ ಷೇರಲ್ಲಿ ಅರ್ಧ ಈಗ್ತಾನೆ ಮಾರಿದ್ರಂತೆ.” ಆಕೆ ಮೆಲ್ಲಗೆ ಕೇಳಿದಳು: “ಇನ್ನರ್ಧ ಹಾಗೇ ಇದೆಯಂತೆ. ನಾಳೆ ಇನ್ನೊಂದ್ಸಲ ರಾಜೀನಾಮೆ ಕೊಡೋಕಾಗುತ್ತೇನ್ರೀ?”