ಎದುರುಗಾಳಿಯಲ್ಲಿ ಹಿಂದಿನ ಸೈಕಲ್ಲು

ಈ ಸಂಗತಿಯನ್ನು ಹೇಳಿಬಿಡಬೇಕು ಎಂದು ನಾನು ಅಂದುಕೊಂಡು ಐವತ್ತು ವರ್ಷ ದಾಟಿತು. ಮುಂದೂಡುವುದಕ್ಕೆ ಪ್ರತಿ ವರ್ಷವೂ ಒಂದು ಮರ್ಯಾದಸ್ಥ ಕಾರಣ ಸಿಗುತ್ತಿತ್ತು. ಮದುವೆಮನೆಯಲ್ಲಿ ಹೇಳೋಣವೆಂದರೆ ಶುಭಕಾರ್ಯ. ಸಾವಿನ ಮನೆಯಲ್ಲಿ ಹೇಳೋಣವೆಂದರೆ ಅವರವರ ದುಃಖವೇ ಅವರಿಗೆ ಹೊರೆ. ಉಳಿದ ದಿನಗಳಲ್ಲಿ ಹೇಳೋಣವೆಂದರೆ ಉಳಿದ ದಿನಗಳಲ್ಲಿ ನಾವು ಭೇಟಿಯಾಗುತ್ತಲೇ ಇರಲಿಲ್ಲ. ಸುಳ್ಳು ಹೇಳುವುದಕ್ಕೆ ಅರೆಗಳಿಗೆ ಸಾಕು, ಅದನ್ನು ವಾಪಸು ತೆಗೆದುಕೊಳ್ಳುವುದಕ್ಕೆ ಮಾತ್ರ ಮುಹೂರ್ತ ಬೇಕು. ಮೂರು ವಾರದ ಹಿಂದೆ ತಮಿಳುನಾಡಿನ ತೇನಿಯ ನಡುರಸ್ತೆಯಲ್ಲಿ, ಮೂವತ್ತು ನಲವತ್ತು ಸೈಕಲ್ಲುಗಳ ಎದುರಿಗೆ, ಒಬ್ಬ ಡಾಕ್ಟರಮ್ಮ ನನ್ನ ಎದೆಗೆ ಸ್ಟೆತಸ್ಕೋಪು ಇಟ್ಟ ಮೇಲೆ ಇನ್ನು ತಡಮಾಡುವುದು ಸರಿಯಲ್ಲ ಅನ್ನಿಸಿತು.

ನಮ್ಮ ಕಂಬಂ ಕಣಿವೆಯ ಗಾಳಿಯ ವಿಷಯ ಮೊದಲು ಹೇಳಬೇಕು. ಆಡಿ ತಿಂಗಳಲ್ಲಿ, ನಿಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಆಷಾಢ, ಕುಮಿಳಿ ಘಟ್ಟದ ಸಂದಿಯಿಂದ ನುಗ್ಗುವ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂದು ನಮ್ಮ ಕಡೆ ಗಾದೆ. ಕಲ್ಲು ಹಾರಿದ್ದನ್ನು ನಾನು ನೋಡಿಲ್ಲ. ನಮ್ಮ ಭೂಗೋಳದ ಮೇಷ್ಟ್ರ ಕೊಡೆ ಹುಣಸೆಮರ ಹತ್ತಿದ್ದನ್ನು ನೋಡಿದ್ದೇನೆ. ನಮ್ಮದು ಓಡೈಪಟ್ಟಿಯ ಪಕ್ಕದ ಹಳ್ಳಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೈಸ್ಕೂಲು ಇದ್ದದ್ದು ಪಡುವಣಕ್ಕೆ, ಏಳು ಮೈಲಿ ಆಚೆ ಉತ್ತಮಪಾಳ್ಯದಲ್ಲಿ. ಹಾಗಾಗಿ ಬೆಳಿಗ್ಗೆ ಪೂರ್ತಿ ಎದುರುಗಾಳಿ, ಸಂಜೆ ಪೂರ್ತಿ ಬೆನ್ನುಗಾಳಿ. ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಇಬ್ಬರು, ನಾನು ಮತ್ತು ನನ್ನ ಸೋದರಮಾವನ ಮಗ. ನಾವು ಒಬ್ಬರನ್ನೊಬ್ಬರು ಬಾವಾ ಎಂದೇ ಕರೆಯುತ್ತಿದ್ದೆವು, ಈಗಲೂ ಹಾಗೆಯೇ. ಅವನ ಹೆಸರನ್ನು ಸದ್ಯಕ್ಕೆ ಹೇಳುವುದಿಲ್ಲ. ಹೆಸರು ಬಾಯಿಗೆ ಬಂದರೆ ಮುಖ ಕಣ್ಣಿಗೆ ಬರುತ್ತದೆ, ಮುಖ ಕಣ್ಣಿಗೆ ಬಂದರೆ ನಾನು ಮತ್ತೆ ಮುಂದೂಡುತ್ತೇನೆ.

ಒಂಬತ್ತನೆಯ ಕ್ಲಾಸಿನ ಆಡಿಯಲ್ಲಿ ಒಂದು ಬೆಳಿಗ್ಗೆ ನನಗೆ ಸಾಕಾಯಿತು. ಸೈಕಲ್ಲಿನಿಂದ ಇಳಿದು ಎದೆ ಹಿಡಿದುಕೊಂಡೆ. ಎದೆಗೆ ನಮ್ಮ ಮಾತಿನಲ್ಲೂ ತಮಿಳರಂತೆ ನೆಂಜು ಎನ್ನುತ್ತೇವೆ. "ನೆಂಜು ವೀಕು ಅಂತ ಕಾಂಪೌಂಡರು ಸೊಲ್ಲವ್ರೆ, ಬಾವಾ" ಎಂದೆ. ಅಂಥ ಕಾಂಪೌಂಡರ್ ಯಾರೂ ಇರಲಿಲ್ಲ, ಆಗಲೇ ಹುಟ್ಟಿದ. ಬಾವ ಗಾಬರಿಯಿಂದ ನನ್ನ ಬೆನ್ನು ನೀವಿ, "ಇದ ಮುಂಚೇನೇ ಸೊಲ್ಲಬಾರ್ದಾ? ನನ್ ಹಿಂದಾಲೆ ಬಾ. ಕಾತ್ತೆಲ್ಲ ನಾನ್ ಇಡ್ಕೊಳ್ತೀನಿ" ಎಂದ. ಗಾಳಿಯನ್ನೆಲ್ಲ ತಾನು ಹಿಡಿದುಕೊಳ್ಳುತ್ತೇನೆ ಎಂದವನು ಹಾಗೆಯೇ ಹಿಡಿದುಕೊಂಡ. ಅವನ ಬೆನ್ನು ದನದ ಕೊಟ್ಟಿಗೆಯ ಬಾಗಿಲಷ್ಟು ಅಗಲವಿತ್ತು. ಅದರ ಹಿಂದೆ ಗಾಳಿ ಎಂಬುದು ಬರೀ ಸದ್ದು. ನಾನು ತಣ್ಣಗೆ ಪದ್ಯ ಬಾಯಿಪಾಠ ಮಾಡಿಕೊಂಡು ಶಾಲೆ ಸೇರುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ನನ್ನ ಪುಸ್ತಕದ ಚೀಲವೂ ಅವನ ಕ್ಯಾರಿಯರಿಗೆ ಹೋಯಿತು. ಎದೆ ವೀಕಾದವನು ಭಾರ ಹೊರಬಾರದಲ್ಲ!

ಸಂಜೆ ಮಾತ್ರ ನಾನು ಮುಂದೆ. ಬೆನ್ನುಗಾಳಿಗೆ ನೆಂಜಿನ ತಂಟೆಯಿಲ್ಲ ಎಂದು ವಿವರಿಸಿದ್ದೆ, ಅವನು ಅದನ್ನೂ ನಂಬಿದ್ದ. ಜಗುಲಿಯ ಮೇಲೆ ಕೂತ ನನ್ನ ಸೋದರಮಾವ ದಿನವೂ ಮೊದಲು ನನ್ನನ್ನು, ಆಮೇಲೆ ಮಗನನ್ನು ನೋಡುತ್ತಿದ್ದರು. "ನೋಡ್ಲಾ, ನೆಂಜು ವೀಕಾದವ್ನೇ ಮುಂದೆ ಬತ್ತವ್ನೆ. ನೀನೋ ತಿಂದಿದ್ದೆಲ್ಲ ಎಲ್ಲಿಗ್ಲಾ ಓಯ್ತು?" ಎಂದು ಬೈಯುತ್ತಿದ್ದರು. ಅವನು ನನ್ನ ಕಡೆ ನೋಡಿ ನಗುತ್ತಿದ್ದ. ಇಷ್ಟೇ ಆಗಿದ್ದರೆ ಹುಡುಗಾಟ ಎಂದು ಬಿಡಬಹುದಿತ್ತು. ಆದರೆ ನಮಗೆ ಮೊದಲ ಪೀರಿಯಡ್ಡು ಲೆಕ್ಕ. ಏಳು ಮೈಲಿ ಗಾಳಿಯನ್ನು ಇಬ್ಬರ ಪಾಲಿಗೂ ಒಬ್ಬನೇ ತಳ್ಳಿ ಬಂದವನು ಡೆಸ್ಕಿನ ಮೇಲೆ ತಲೆಯಿಟ್ಟರೆ ಬೆಲ್ಲು ಹೊಡೆಯುವವರೆಗೆ ಏಳುತ್ತಿರಲಿಲ್ಲ. ಗಾಳಿಯ ತಿಂಗಳುಗಳಲ್ಲಿ ಕಲಿಸಿದ ಲೆಕ್ಕವೆಲ್ಲ ಅವನ ನಿದ್ದೆಯಲ್ಲಿ ಹೋಯಿತು. ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದೆ, ಅವನು ಲೆಕ್ಕ ಒಂದರಲ್ಲೇ ಫೇಲಾದ. ಮೇಷ್ಟ್ರಾಗಬೇಕು ಎಂದಿದ್ದವನು ದ್ರಾಕ್ಷಿ ಚಪ್ಪರದ ಕೆಳಗೆ ಹೋದ. ನಾನು ಮೈಸೂರಿನ ಒಂದು ಹಣ್ಣಿನ ಮಂಡಿಯಲ್ಲಿ ಗುಮಾಸ್ತನಾದೆ. ಅಲ್ಲಿಯೇ ಅಂಗಡಿಯ ಬೋರ್ಡುಗಳನ್ನೂ ವಾರಪತ್ರಿಕೆಗಳನ್ನೂ ನೋಡಿ ಕನ್ನಡ ಅಕ್ಷರ ಕಲಿತೆ.

ಅವನು ಒಂದು ಸಲವಾದರೂ ಕೋಪಿಸಿಕೊಂಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವನು ಮಾಡಿದ್ದೇ ಬೇರೆ. ವರ್ಷಕ್ಕೆ ಎರಡು ಬಾಟಲಿ ಆಡುಸೋಗೆ ಕಷಾಯವನ್ನು ತಾನೇ ಕಾಯಿಸಿ, ದ್ರಾಕ್ಷಿ ಲಾರಿಯ ಡ್ರೈವರನ ಕೈಯಲ್ಲಿ ಮೈಸೂರಿಗೆ ಕಳಿಸುತ್ತಿದ್ದ. "ನೆಂಜಿಗೆ ಒಳ್ಳೇದು, ಬಾವಾಗೆ ಕೊಡು" ಎಂದು ಹೇಳಿ ಕಳಿಸುವುದು. ಕಣ್ಣಲ್ಲಿ ನೀರು ತರಿಸುವ ಕಹಿ. ನಾನು ಅದನ್ನು ಹಿತ್ತಲಿನ ದಾಸವಾಳಕ್ಕೆ ಸುರಿಯುತ್ತಿದ್ದೆ. ಆ ಗಿಡದ ಆರೋಗ್ಯ ನೋಡಿ ಬೀದಿಯವರೆಲ್ಲ ಏನು ಗೊಬ್ಬರ ಎಂದು ಕೇಳುತ್ತಿದ್ದರು.

ಕೆಲಸ ಬಿಟ್ಟ ಮೇಲೆ ತೇನಿಗೆ ಬಂದು ನೆಲೆಸಿದೆ. ಇಲ್ಲೊಂದು ಸೈಕಲ್ ಸಂಘವಿದೆ. ಊರಿನ ಡಾಕ್ಟರಮ್ಮ ಒಬ್ಬರು ಅದಕ್ಕೆ ಮುಖ್ಯಸ್ಥೆ. ಶಾಲೆಯ ಮಕ್ಕಳು ಸೈಕಲ್ಲಿನಲ್ಲಿ ಭಯವಿಲ್ಲದೆ ಹೋಗುವಂತೆ ರಸ್ತೆಯ ಅಂಚಿಗೆ ಒಂದು ಬಿಳಿ ಗೆರೆ ಎಳೆಯಬೇಕು, ಮಾರ್ಕೆಟ್ಟಿನ ಹತ್ತಿರ ಸೈಕಲ್ಲಿಗೆ ನೆರಳು ಬೇಕು ಎಂಬುದು ಅವರ ಬೇಡಿಕೆ. ನಾನು ಸೇರಿದ ದಿನವೇ, ಚಿಕ್ಕಂದಿನಲ್ಲಿ ಆಡಿ ಗಾಳಿಗೆದುರಾಗಿ ದಿನವೂ ಏಳು ಮೈಲಿ ತುಳಿದವನು ನಾನು ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮೇಲೆ ಅದಕ್ಕೆ ತಕ್ಕಂತೆ ನಡೆದುಕೊಳ್ಳಬೇಕಲ್ಲ. ಕೋಸು ತುಂಬಿಕೊಳ್ಳಲು ಮುಂಜಾನೆ ಕುಮಿಳಿ ಘಟ್ಟದ ಬುಡದ ಗೂಡಲೂರಿಗೆ ಖಾಲಿ ಹೋಗುವ ಒಂದು ಸಣ್ಣ ವ್ಯಾನಿತ್ತು. ಇಂಥ ವ್ಯಾನಿಗೆ ಇಲ್ಲಿ ಕುಟ್ಟಿಯಾನೆ ಎನ್ನುತ್ತಾರೆ, ಅಂದರೆ ಮರಿಯಾನೆ. ಭಾನುವಾರ ನನ್ನ ಸೈಕಲ್ಲು, ಅದರ ಜೊತೆ ನಾನು, ಮರಿಯಾನೆ ಏರುತ್ತಿದ್ದೆವು. ಗೂಡಲೂರಿನಲ್ಲಿ ಘಟ್ಟ ಕಾಣುವಂತೆ ಒಂದು ಫೋಟೋ ತೆಗೆದು ಸಂಘಕ್ಕೆ ಕಳಿಸಿ, ಇಳಿಜಾರಿನಲ್ಲಿ, ಬೆನ್ನುಗಾಳಿಯಲ್ಲಿ, ಅರಸನಂತೆ ತೇನಿಗೆ ಬರುತ್ತಿದ್ದೆ. ಸಂಘದ ಹುಡುಗರು ಬೆರಗಾದರು. ಬೆರಗಾಗದವಳು ನನ್ನ ಹೆಂಡತಿ ಒಬ್ಬಳೇ. "ಸೈಕಲ್ಲ ತುಳ್ಕೊಂಡ್ ಓಗಿ ಬಂದವ್ರ ಚೆಡ್ಡಿಗೆ ಕೋಸಿನ ಎಲೆ ಎಂಗೆ ಅಂಟ್ಕೊಂತು?" ಎಂದು ಕೇಳಿದಳು. ಗಾಳಿ ಎಂದೆ.

ಹೀಗಿರುವಾಗ ಡಾಕ್ಟರಮ್ಮ ಒಂದು ಎದುರುಗಾಳಿ ಸವಾರಿ ಇಟ್ಟುಕೊಂಡರು. ತೇನಿಯಿಂದ ಚಿನ್ನಮನೂರಿನವರೆಗೆ, ಬಿಳಿ ಗೆರೆ ಕೇಳುವುದಕ್ಕಾಗಿ, ಅದೂ ಆಡಿಯಲ್ಲಿ. "ತಾತ, ನೀವು ಮುಂದೆ. ನಾವೆಲ್ಲ ನಿಮ್ಮ ಹಿಂದೆ" ಎಂದರು. ಮುಂದೆ ಎಂಬ ಜಾಗದಲ್ಲಿ ನಾನು ಎದುರುಗಾಳಿಗೆ ಎಂದೂ ಇದ್ದವನಲ್ಲ.

ಆ ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತಿದ್ದೇವೆ. ಆಗ ಹಳೆಯ ಕಪ್ಪು ಸೈಕಲ್ಲೊಂದನ್ನು ತಳ್ಳಿಕೊಂಡು, ತಲೆಗೆ ಟವೆಲು ಸುತ್ತಿದ ಒಬ್ಬ ಮುದುಕ ಗುಂಪನ್ನು ಸರಿಸಿ ಬಂದ. ನನ್ನ ಬಾವ! ಯಾವುದೋ ಮದುವೆಯಲ್ಲಿ ಸುದ್ದಿ ಕೇಳಿ, ಸೈಕಲ್ಲನ್ನು ದ್ರಾಕ್ಷಿ ವ್ಯಾನಿಗೆ ಹಾಕಿಕೊಂಡು ಬಂದಿದ್ದ. ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋಗಿ, "ಇವನ್ನ ಮುಂದೆ ಬಿಡಬೇಡಿ ತಾಯಿ. ಸಣ್ಣ ವಯಸ್ಸಿಂದ ಇವನ್ಗೆ ನೆಂಜು ವೀಕು. ಸ್ಕೂಲಿಗೆ ಓಗೋವಾಗ್ಲೂ ನಾನೇ ಮುಂದೆ ಓಗ್ತಿದ್ದೆ. ಇವತ್ತೂ ನಾನೇ ಓಗ್ತೀನಿ" ಎಂದು ತಮಿಳಿನಲ್ಲಿ ಹೇಳಿದ.

ಎಲ್ಲರೂ ನನ್ನನ್ನು ನೋಡಿದರು. ನನ್ನ ಪಾಡು ಯೋಚಿಸಿ. ಎದೆ ವೀಕು ಎಂದರೆ ಸಂಘದಲ್ಲಿ ಮಾಡಿದ ಭಾಷಣ, ಕಳಿಸಿದ ಫೋಟೋ ಎಲ್ಲ ಸುಳ್ಳು. ಎದೆ ಗಟ್ಟಿ ಎಂದರೆ ಈ ಮನುಷ್ಯ ಅಷ್ಟು ವರ್ಷ ನಂಬಿದ್ದು ಸುಳ್ಳು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಚೀಲದಿಂದ ಸ್ಟೆತಸ್ಕೋಪು ತೆಗೆದರು. ನನ್ನ ಅಂಗಿಯ ಗುಂಡಿ ಬಿಚ್ಚಿಸಿ ಮುಂದೆ ಕೇಳಿದರು, ಹಿಂದೆ ಕೇಳಿದರು, ಉಸಿರು ಎಳೆಸಿದರು, ಬಿಡಿಸಿದರು. ಕೊನೆಗೆ, "ಇದರಲ್ಲಿ ಏನೂ ಕೊರತೆ ಇಲ್ಲ. ಚಿಕ್ಕ ಹುಡುಗನ ನೆಂಜು" ಎಂದರು.

ಮುಗಿಯಿತು ಎಂದುಕೊಂಡೆ. ಬಾವನ ಮುಖ ನೋಡಲಾರದೆ ಅವನ ಸೈಕಲ್ಲಿನ ಬೆಲ್ಲನ್ನು ನೋಡುತ್ತ ನಿಂತೆ. ಅಷ್ಟರಲ್ಲಿ ಅವನು ಎರಡೂ ಕೈ ಮೇಲಕ್ಕೆತ್ತಿ ಕೂಗಿದ. "ನೋಡಿದ್ರಾ? ನನ್ ಕಷಾಯ! ಇಷ್ಟ್ ವರ್ಷದಿಂದ ಬಿಡದಂಗೆ ಕೊಟ್ಟೀನಿ. ವೀಕಾಗಿದ್ದ ನೆಂಜು ಎಂಗಾಗೈತೆ ನೋಡಿ!" ಗುಂಪಿನಲ್ಲಿ ಚಪ್ಪಾಳೆ. ಡಾಕ್ಟರಮ್ಮನೂ ಸೇರಿ ನಾಲ್ಕಾರು ಜನ ಯಾವ ಸೊಪ್ಪು, ಎಷ್ಟು ನೀರು, ಎಷ್ಟು ಹೊತ್ತು ಕಾಯಿಸಬೇಕು ಎಂದು ಕೇಳಿ ಬರೆದುಕೊಂಡರು. ಅವನು ಮೇಷ್ಟ್ರಂತೆ ನಿಂತು ನಿಧಾನವಾಗಿ ವಿವರಿಸಿದ. ನನಗೆ ಸಮಾಧಾನವಾಯಿತು. ಆ ಸಮಾಧಾನಕ್ಕೇ ನಾಚಿಕೆಯೂ ಆಯಿತು.

"ಆದ್ರೂ ಕಾತ್ತು ಜಾಸ್ತಿ ಐತೆ. ನನ್ ಹಿಂದಾಲೆ ಬಾ, ಬಾವಾ" ಎಂದು ಅವನು ಮುಂದೆ ಹೊರಟ. ನಾನು ಹಿಂದೆ ಹೋದೆ. ಅದೇ ಬೆನ್ನು, ಗಾಳಿಗೆ ಉಬ್ಬಿದ ಅದೇ ಅಂಗಿ. ಆದರೆ ಬಾಗಿಲು ಮೊದಲಿನಷ್ಟು ಅಗಲವಿರಲಿಲ್ಲ. ಭುಜ ಕುಗ್ಗಿ, ಎರಡೂ ಬದಿಯಿಂದ ಗಾಳಿ ನುಸುಳಿ ನನಗೂ ಬಡಿಯಿತು. ಅವನು ಎಷ್ಟು ಗಾಳಿ ಹಿಡಿದುಕೊಂಡಿದ್ದ ಎಂಬುದು ಆಗಲೇ ನನಗೆ ಗೊತ್ತಾದದ್ದು. ವೀರಪಾಂಡಿ ದಾಟಿದ ಮೇಲೆ, "ನೆಂಜು ವೀಕು ಅಂದದ್ದು ಸುಳ್ಳು ಬಾವಾ, ತಪ್ಪಾಯ್ತು" ಎಂದೆ. ಜೋರಾಗಿಯೇ ಎಂದೆ. ಆದರೆ ಎದುರುಗಾಳಿಯಲ್ಲಿ ಮುಂದಿನವನ ಮಾತು ಹಿಂದಿನವನಿಗೆ ಕೇಳುತ್ತದೆ, ಹಿಂದಿನವನ ಮಾತು ಮುಂದಿನವನಿಗೆ ಕೇಳುವುದಿಲ್ಲ. ಇದು ನನಗೆ ಒಂಬತ್ತನೆಯ ಕ್ಲಾಸಿನಿಂದ ಗೊತ್ತು. ಕೇಳಿದ್ದು ನನ್ನ ಹಿಂದಿದ್ದ ಡಾಕ್ಟರಮ್ಮನಿಗೆ. ಚಿನ್ನಮನೂರಿನಲ್ಲಿ ಟೀ ಕುಡಿಯುವಾಗ, "ತಾತ, ದಾರಿಯಲ್ಲಿ ನೆಂಜು ಅಂತ ಏನೋ ಕೂಗಿದಿರಲ್ಲ, ನೋವಾ?" ಎಂದರು. ಸ್ವಲ್ಪ ಎಂದೆ. ಬಾವ ಥಟ್ಟನೆ ಚೀಲದಿಂದ ಒಂದು ಬಾಟಲಿ ತೆಗೆದು ನನ್ನ ಕೈಗಿಟ್ಟ. ಆ ಬಾಟಲಿಯನ್ನು ಗಿಡಕ್ಕೆ ಸುರಿಯಲಿಲ್ಲ. ದಿನಕ್ಕೆರಡು ಗುಟುಕಿನಂತೆ ಅಷ್ಟನ್ನೂ ನಾನೇ ಕುಡಿದೆ. ದಾಸವಾಳ ಅದನ್ನು ಹೇಗೆ ಸಹಿಸಿತ್ತೋ ದೇವರೇ ಬಲ್ಲ.

ಬಾಟಲಿ ಖಾಲಿಯಾದ ದಿನ ಇದನ್ನು ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಎದೆ ಹಗುರವಾಯಿತು. ಹೆಂಡತಿಗೆ ಓದಿ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, "ಚೆನ್ನಾಗೈತೆ. ಆದ್ರೆ ನಮ್ಮ ಕಡೆ ಕನ್ನಡ ಎಳುತ್ತು ಓದೋರು ಯಾರವ್ರೆ? ನಿಮ್ ಬಾವಾಗೆ ಓದಕ್ಕೆ ಬರಲ್ಲ ಅಂತ ಧೈರ್ಯವಾಗಿ ಬರ್ದಿದೀರಾ?" ಎಂದಳು. ನಿಜ. ಮನೆಮಾತು ಕನ್ನಡವಾದರೂ ನಮ್ಮವರೆಲ್ಲ ಕಲಿತ ಎಳುತ್ತು, ಅಂದರೆ ಅಕ್ಷರ, ತಮಿಳಿನದು. ತಪ್ಪೊಪ್ಪಿಗೆ ಬರೆಯುವಾಗಲೂ ನಾನು ಗಾಳಿ ತಾಕದ ಜಾಗವನ್ನೇ ಹುಡುಕಿಕೊಂಡು ಕೂತಿದ್ದೆ. "ಓದಿ ಸೊಲ್ಲಿಬಿಟ್ಟು ಬನ್ನಿ. ಕಿವಿ ಚೆನ್ನಾಗಿ ಕೇಳ್ತದೆ ಅವ್ರಿಗೆ" ಎಂದಳು.

ಈ ಭಾನುವಾರ ಬಾವನ ಊರಿಗೆ ಹೊರಡುತ್ತೇನೆ. ಮರಿಯಾನೆಯ ಡ್ರೈವರ್ ಸೈಕಲ್ಲು ಏರಿಸಲೇ ಎಂದು ಕೇಳಿದ, ಬೇಡವೆಂದೆ. ಆಡಿ ಇನ್ನೂ ಮುಗಿದಿಲ್ಲ, ದಾರಿಯುದ್ದಕ್ಕೂ ಎದುರುಗಾಳಿ, ಮುಂದೆ ಯಾರೂ ಇರುವುದಿಲ್ಲ. ನಡುವೆ ನಾಲ್ಕಾರು ಸಲ ಇಳಿದು ತಳ್ಳಬೇಕಾಗಬಹುದು. ಎದೆಯ ನೆಪ ಹೇಳುವಂತಿಲ್ಲ, ಡಾಕ್ಟರಮ್ಮ ಆ ಬಾಗಿಲನ್ನೂ ಮುಚ್ಚಿದ್ದಾರೆ. ಜಗುಲಿ ತಲುಪಿ, ನೀರು ಕುಡಿದು, ಈ ಹಾಳೆಗಳನ್ನು ತೆಗೆದು ಎದುರಿಗೆ ಕೂತು ಓದುತ್ತೇನೆ. ಬಾವಾ ಎಂದು ಶುರುಮಾಡಿದರೆ ಸಲಿಗೆಯ ಹಿಂದೆ ಅಡಗಿದಂತಾಗುತ್ತದೆ, ಅದಕ್ಕೇ ಹೆಸರು ಹಿಡಿದೇ ಕರೆಯುತ್ತೇನೆ: ಬೊಮ್ಮಯ್ಯ.